ಕೆರೆ ಏರಿ ಜಿನುಗಿದರೆ ಒಂದು ಲೋಟ ನೀರು ಹಿಡಿದು ನೋಡಿ

2021ರ ನವೆಂಬರ್‌ನಲ್ಲಿ ಕೋಲಾರದ ಕೆರೆಗಳು ಒಂದಾದ ಮೇಲೊಂದು ಕೋಡಿ ಬಿದ್ದವು, ನೆನಪಿದೆ ಅಲ್ವಾ? ಆಗ ಮುಳಬಾಗಿಲು ಕಡೆಯ ಒಂದು ಕೆರೆ ಏರಿಯ ಬುಡದಲ್ಲಿ ನೀರು ಜಿನುಗಲು ಶುರುವಾಯಿತು. ಗಂಗಮ್ಮ ಮುನಿದಿದ್ದಾಳೆ, ಕುರಿ ಕಡಿಯಬೇಕು ಎಂದರು ಕೆಲವರು. ಹಿರಿಯರೊಬ್ಬರು ಮಾತ್ರ ಸ್ಟೀಲ್ ಲೋಟದಲ್ಲಿ ಆ ನೀರು ಹಿಡಿದು ಕಲ್ಲಿನ ಮೇಲೆ ಇಟ್ಟರು. ಬೀಡಿ ಸೇದಿ ಮುಗಿಸಿ ಬಗ್ಗಿ ನೋಡಿದರೆ ತಳದಲ್ಲಿ ಚೂರೂ ಮಣ್ಣಿಲ್ಲ. "ಈಗ ಪರವಾಗಿಲ್ಲ, ಸಂಜೆ ಮತ್ತೆ ನೋಡೋಣ" ಎಂದರು.

ಸರಿಯಾದ ಪರೀಕ್ಷೆ ಅದೇ. ಮಣ್ಣಿನ ಏರಿ ಅಂದಮೇಲೆ ಜಿನುಗೇ ಜಿನುಗುತ್ತದೆ. ತಿಳಿನೀರು ಬಂದರೆ ಕಣ್ಣಿಟ್ಟಿದ್ದರೆ ಸಾಕು. ಕೆಂಪು ನೀರು ಬಂತೋ, ಏರಿಯೇ ಕರಗಿ ಹೊರಗೆ ಬರುತ್ತಿದೆ.

ಅದು ಹೇಗೆ ಗೊತ್ತಾ? ರಾಗಿ ಮೂಟೆಗೆ ಇಲಿ ತೂತು ಮಾಡಿದರೆ ಮೊದಲು ನಾಲ್ಕು ಕಾಳು ಉದುರುತ್ತವೆ, ಆ ಜಾಗಕ್ಕೆ ಹಿಂದಿನ ಕಾಳು ಬರುತ್ತದೆ. ಏರಿಯಲ್ಲೂ ಕೊರೆತ ಶುರುವಾಗುವುದು ಹೊರಗಿನ ಬುಡದಲ್ಲಿ, ಅದು ಬೆಳೆಯುವುದು ಕೆರೆಯ ಕಡೆಗೆ, ಅಂದರೆ ಹಿಮ್ಮುಖವಾಗಿ. ತೂತು ಉದ್ದವಾದಷ್ಟೂ ನೀರು ಮಣ್ಣೊಳಗೆ ಸಾಗಬೇಕಾದ ದಾರಿ ಗಿಡ್ಡವಾಗುತ್ತದೆ, ದಾರಿ ಗಿಡ್ಡವಾದಷ್ಟೂ ರಭಸ ಜಾಸ್ತಿ, ರಭಸ ಜಾಸ್ತಿಯಾದಷ್ಟೂ ಮಣ್ಣು ಬೇಗ ಕಿತ್ತು ಬರುತ್ತದೆ. ಏಡಿ ಬಿಲ, ಹೆಗ್ಗಣದ ಬಿಲ, ಕಡಿದ ಮರದ ಕೊಳೆತ ಬೇರು, ಇವೆಲ್ಲ ನೀರಿಗೆ ನಾವೇ ಅರ್ಧ ತೋಡಿಕೊಟ್ಟ ದಾರಿ.

ಅಮೆರಿಕದ ಟೀಟನ್ ಅಣೆಕಟ್ಟು ಸುಮಾರು 93 ಮೀಟರ್ ಎತ್ತರದ್ದು, ಮಣ್ಣಿನದೇ. 1976ರ ಜೂನ್ 5ರ ಬೆಳಿಗ್ಗೆ ಅಲ್ಲಿ ಕೆಸರು ನೀರು ಕಂಡಿತು. ತೂತಿಗೆ ಮಣ್ಣು ತಳ್ಳಲು ಹೋದ ಬುಲ್ಡೋಜರ್‌ಗಳೇ ಅದರೊಳಗೆ ಜಾರಿದವು. ಮಧ್ಯಾಹ್ನ 12ರ ಹೊತ್ತಿಗೆ ಅಣೆಕಟ್ಟು ಒಡೆದಿತ್ತು.

ಆದ್ದರಿಂದ ಜಿನುಗುವ ಬಾಯಿಗೆ ಜೇಡಿ ಮೆತ್ತಬೇಡಿ. ಒಂದು ಕಡೆ ಮುಚ್ಚಿದರೆ ನೀರು ಇನ್ನೊಂದು ಕಡೆ ಬಾಯಿ ಹುಡುಕುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಕಿ. ಕಾಫಿ ಫಿಲ್ಟರ್ ಥರ ಡಿಕಾಕ್ಷನ್ ಇಳಿಯಬೇಕು, ಪುಡಿ ಅಲ್ಲೇ ನಿಲ್ಲಬೇಕು.

ಇನ್ನು ಕೋಡಿಗೆ ಮರಳು ಮೂಟೆ ಪೇರಿಸಿ ನಾಲ್ಕು ದಿನದ ನೀರು ಜಾಸ್ತಿ ಉಳಿಸಿಕೊಳ್ಳುವ ಆಸೆ ನಮ್ಮ ಕಡೆ ಬಹಳ. ಬರ ಕಂಡ ಊರು, ಆಸೆ ಅರ್ಥವಾಗುತ್ತದೆ. ಆದರೆ ಕೋಡಿ ಮುಚ್ಚಿದರೆ ಮಳೆ ನೀರು ಏರಿಯ ತಲೆ ಮೇಲೇ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯಲಾರದು. ನಮ್ಮ ಕೆರೆಗಳೋ ಸರಪಳಿಯಂತೆ ಒಂದರ ಕೆಳಗೊಂದು ಇವೆ. ಮೇಲಿನದು ಒಡೆದರೆ ಆ ನೀರಷ್ಟೂ ಕೆಳಗಿನ ಊರಿನ ಕೆರೆಗೆ ನುಗ್ಗುತ್ತದೆ. ಇವತ್ತೇ ಹೋಗಿ ಆ ಮೂಟೆಗಳನ್ನು ತೆಗೆಸಿ.