ಹೋಕಸ್ ಪೋಕಸ್: ಕಣ್ಣಿಗೆ ಮಣ್ಣೆರಚುವ ಮಾತು

ಒಂದು ಕಂಪನಿಯ ಲೆಕ್ಕಪತ್ರ ನೋಡಿ ಯಾರಾದರೂ ಇಂಗ್ಲಿಷ್‌ನಲ್ಲಿ "ಇದೆಲ್ಲ ಬರೀ ಹೋಕಸ್ ಪೋಕಸ್" ಅಂದರೆ ಅಲ್ಲಿ ಜಾದೂ ಏನೂ ಇರುವುದಿಲ್ಲ. ನಷ್ಟ ಕಾಣದ ಹಾಗೆ ದೊಡ್ಡ ದೊಡ್ಡ ಪದ ಜೋಡಿಸಿ ಮಂಕುಬೂದಿ ಎರಚಿದ್ದಾರೆ ಅಂತ ಅರ್ಥ. ಸುಮ್ನೆ ಸುಳ್ಳು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸುಳ್ಳಿಗೆ ಒಂದು ಮಾತು ಸಾಕು. ಹೋಕಸ್ ಪೋಕಸ್‌ಗೆ ನಮ್ಮ ಗಮನವನ್ನು ಬೇರೆ ಕಡೆ ಎಳೆಯುವ ಮಾತಿನ ಗದ್ದಲವೂ ಬೇಕು. ನಮ್ಮ 'ಕಣ್ಕಟ್ಟು' ಇದಕ್ಕೆ ತುಂಬಾ ಹತ್ತಿರದ ಪದ.

ಪದ ಹುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಮೊದಮೊದಲು ಇದು ಮೋಸದ ಹೆಸರಲ್ಲ, ಜಾದೂ ಮಾಡುವವನ ಹೆಸರು. 1634ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕೈಚಳಕದ ಪುಸ್ತಕವೊಂದರ ಹೆಸರಿನಲ್ಲೂ ಈ ಪದ ಇದೆ. ಬಟ್ಟಲಿನ ಕೆಳಗಿನ ಗೋಲಿ ಮಾಯ ಮಾಡುವಂಥ ಆಟಗಳನ್ನು ಅದು ಹೇಳಿಕೊಡುತ್ತಿತ್ತು.

ಈ ಹೆಸರಿನ ಕಥೆ ಸಿಗುವುದು ಥಾಮಸ್ ಆಡಿ ಎಂಬ ವೈದ್ಯನ ಬರಹದಲ್ಲಿ. ಮಾಟಗಾತಿಯರೆಂದು ಬಡಪಾಯಿ ಹೆಂಗಸರನ್ನು ನೇಣಿಗೆ ಹಾಕುತ್ತಿದ್ದ ಕಾಲ ಅದು. ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಆಡಿ ಒಬ್ಬ. ಮಾಯ ಅಂತ ಜನ ನಂಬುವುದರ ಹಿಂದೆ ಏನಿರುತ್ತದೆ ಅಂತ ತೋರಿಸುವುದು ಅವನಿಗೆ ಬೇಕಿತ್ತು. ಹಾಗಾಗಿ 1650ರ ದಶಕದಲ್ಲಿ ಒಬ್ಬ ಜಾದೂಗಾರನ ವಿಷಯ ಬರೆದ. ರಾಜ ಜೇಮ್ಸ್ ಕಾಲದ ಈ ಮನುಷ್ಯ ತನ್ನನ್ನು 'ದೊರೆಯ ಅತಿಶ್ರೇಷ್ಠ ಹೋಕಸ್ ಪೋಕಸ್' ಅಂತಲೇ ಕರೆದುಕೊಳ್ಳುತ್ತಿದ್ದ. ಪ್ರತಿ ಆಟಕ್ಕೂ ಒಂದೇ ಮಂತ್ರ: "ಹೋಕಸ್ ಪೋಕಸ್, ಟಾಂಟಸ್ ಟಲಾಂಟಸ್, ವಾಡೆ ಸೆಲೆರಿಟರ್ ಜುಬಿಯೊ."

ಕೊನೆಯ ಮೂರು ಪದ ನಿಜವಾದ ಲ್ಯಾಟಿನ್: 'ಬೇಗ ಹೋಗು, ಇದು ನನ್ನ ಅಪ್ಪಣೆ.' ಮೊದಲಿನದ್ದಕ್ಕೆ ಅರ್ಥವೇ ಇಲ್ಲ, ಲ್ಯಾಟಿನ್ ಥರ ಕೇಳಿಸುತ್ತದೆ ಅಷ್ಟೆ. ನೋಡುವವರ ಕಣ್ಣು ಕಟ್ಟಿ, ಕೈಚಳಕ ಯಾರಿಗೂ ಗೊತ್ತಾಗದ ಹಾಗೆ ದಾಟಿಸುವುದಕ್ಕೇ ಈ ಮಾತು ಅಂತ ಆಡಿ ಬಿಡಿಸಿ ಹೇಳಿದ್ದಾನೆ. ಇವತ್ತಿನ ಅರ್ಥವೂ ಅದೇ ಅಲ್ವಾ?

ಜನ ಜಾಸ್ತಿ ಹೇಳುವ ಕಥೆ ಮಾತ್ರ ಬೇರೆ. ಕ್ಯಾಥೊಲಿಕ್ ಪೂಜೆಯಲ್ಲಿ ಪಾದ್ರಿ ರೊಟ್ಟಿ ಹಿಡಿದು ಲ್ಯಾಟಿನ್‌ನಲ್ಲಿ ಹೇಳುತ್ತಿದ್ದ 'ಹೋಕ್ ಎಸ್ಟ್ ಕಾರ್ಪುಸ್', ಅಂದರೆ 'ಇದು ದೇಹ' ಎಂಬ ಮಾತು ಕೆಟ್ಟು ಹೀಗಾಯಿತಂತೆ. ಇದನ್ನು ಹೇಳಿದವರು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ (ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಚರ್ಚಿನ ಹಿರಿಯ ಗುರು) ಆದ ಜಾನ್ ಟಿಲ್ಲಟ್ಸನ್. ಪೂಜೆಯ ರೊಟ್ಟಿ ಯೇಸುವಿನ ದೇಹವೇ ಆಗುತ್ತದೆ ಎಂಬ ರೋಮಿನ ಕ್ಯಾಥೊಲಿಕ್ ಚರ್ಚಿನ ನಂಬಿಕೆಯನ್ನು ಖಂಡಿಸುವಾಗ ಬಂದ ಮಾತಿದು. ಅವರೂ 'ಬಹುಶಃ' ಅಂತಲೇ ಹೇಳಿದ್ದರು. ಆಮೇಲಿನವರು ಆ 'ಬಹುಶಃ' ಬಿಟ್ಟು ಇದನ್ನೇ ಖಚಿತ ಎಂಬಂತೆ ಹಬ್ಬಿಸಿದರು. ನನಗಂತೂ ಆಡಿಯ ಮಾತೇ ಹೆಚ್ಚು ಗಟ್ಟಿ ಅನಿಸುತ್ತದೆ. ಅವನು ತೋರಿಸುವುದು ಆಟ ಆಡಿಸುತ್ತಿದ್ದ ಒಬ್ಬ ಮನುಷ್ಯನನ್ನು, ಅವನ ಬಾಯಿಂದ ಬಂದ ಮಂತ್ರವನ್ನು.

ಪದ ಮುಂದೆ ಕವಲೊಡೆಯಿತು. 'ಹೋಕಸ್' ಎಂಬ ತುಂಡು ಮೋಸ ಮಾಡು ಎಂಬ ಕ್ರಿಯಾಪದವಾಯಿತು. ಕುಡಿಯುವುದರಲ್ಲಿ ಮತ್ತಿನ ಮದ್ದು ಬೆರೆಸುವುದಕ್ಕೂ ಅದನ್ನೇ ಬಳಸಿದರು. 18ನೇ ಶತಮಾನದ ಕೊನೆಗೆ ಬಂದ 'ಹೋಕ್ಸ್' ಕೂಡ ಇದೇ ಬಳ್ಳಿಯದು ಎಂದು ನಿಘಂಟುಕಾರರು ಭಾವಿಸುತ್ತಾರೆ. ಬೆಂಗಳೂರಿನ ಶಾಲೆಗಳಿಗೆ ಹುಸಿ ಬಾಂಬ್ ಇ-ಮೇಲ್ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಬಳಸುವುದು ಈ ಪದವನ್ನೇ.