72 ಹಾರರ್ ಸಿನಿಮಾ ನಿಜಕ್ಕೂ ಬ್ಯಾನ್ ಆಗಿದ್ದವೇ?

ಬ್ರಿಟನ್ನಿನ ‘ವಿಡಿಯೋ ನ್ಯಾಸ್ಟಿ’ಗಳ (1980ರ ದಶಕದ ಆರಂಭದಲ್ಲಿ ಗದ್ದಲ ಎಬ್ಬಿಸಿದ ಹಿಂಸೆ ತುಂಬಿದ ಸಿನಿಮಾ ಕ್ಯಾಸೆಟ್ಟುಗಳ) ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ‘72 ಸಿನಿಮಾಗಳನ್ನು ಸರ್ಕಾರ ಬ್ಯಾನ್ ಮಾಡಿತ್ತು’ ಎಂದೇ ಶುರುಮಾಡುತ್ತಾರೆ. ದಯವಿಟ್ಟು ಇದನ್ನು ಬಿಡಿ.

ಆ 72 ಹೆಸರುಗಳಿದ್ದದ್ದು ಡೈರೆಕ್ಟರ್ ಆಫ್ ಪಬ್ಲಿಕ್ ಪ್ರಾಸಿಕ್ಯೂಷನ್ಸ್ (ಸರ್ಕಾರದ ಪರ ಕೇಸು ನಡೆಸುವ ಮುಖ್ಯ ಅಧಿಕಾರಿ) ಕಚೇರಿಯ ಪಟ್ಟಿಯಲ್ಲಿ. 1959ರ ಅಶ್ಲೀಲ ಪ್ರಕಟಣೆಗಳ ಕಾಯ್ದೆಯಡಿ ಯಾವ ಕ್ಯಾಸೆಟ್ ಮೇಲೆ ಕೇಸು ಹಾಕಿದರೆ ನಿಲ್ಲಬಹುದು ಎಂಬ ಅಂದಾಜು ಅದು. ಹೆಸರುಗಳು ಸೇರುತ್ತಿದ್ದವು, ಬಿಟ್ಟುಹೋಗುತ್ತಿದ್ದವು. ಕೊನೆಗೆ ಉಳಿದದ್ದು 39. ಒಂದೂರಿನ ಕೋರ್ಟು ತಪ್ಪೆಂದ ಕ್ಯಾಸೆಟ್ಟನ್ನು ಇನ್ನೊಂದೂರಿನ ಜ್ಯೂರಿ ಬಿಟ್ಟುಬಿಡಬಹುದಿತ್ತು. ಹಾಗಂತ ಆದ ಅನ್ಯಾಯ ಸಣ್ಣದಲ್ಲ. ಬಾಡಿಗೆ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದ ಬಡಪಾಯಿಗಳ ಸರಕನ್ನು ಪೊಲೀಸರು ಹೊತ್ತೊಯ್ದರು, ಒಬ್ಬ ವಿತರಕ ಜೈಲಿಗೂ ಹೋದ.

ನಮಗೆ ಗೊಂದಲ ಆಗುವುದು ಸಹಜ. ಇಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡದಿದ್ದರೆ ಥಿಯೇಟರಿನಲ್ಲಿ ಪ್ರದರ್ಶನವೇ ಇಲ್ಲ. ಬ್ರಿಟನ್ನಿನ ಬೋರ್ಡು ಹಾಗಲ್ಲ. ಅದು 1912ರಲ್ಲಿ ಚಿತ್ರೋದ್ಯಮವೇ ಕಟ್ಟಿಕೊಂಡ ಸಂಸ್ಥೆ. ಥಿಯೇಟರ್ ಲೈಸೆನ್ಸ್ ಇದ್ದದ್ದು ಸ್ಥಳೀಯ ಕೌನ್ಸಿಲ್ ಕೈಯಲ್ಲಿ. ಬೋರ್ಡು ಒಪ್ಪಿದ್ದನ್ನು ಕೌನ್ಸಿಲ್ ತಡೆಯಬಹುದಿತ್ತು, ಬೋರ್ಡು ಬೇಡವೆಂದದ್ದನ್ನು ತೋರಿಸಲೂಬಹುದಿತ್ತು. ಕ್ಯಾಸೆಟ್ಟಿಗಂತೂ ಆಗ ಕಡ್ಡಾಯ ಸರ್ಟಿಫಿಕೇಟೇ ಇರಲಿಲ್ಲ. ಅದಕ್ಕೇ ಅಶ್ಲೀಲತೆಯ ಕೇಸು.

1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯ್ದೆ ಇದನ್ನು ಬದಲಿಸಿತು. ಸರ್ಟಿಫಿಕೇಟ್ ಇಲ್ಲದ ಕ್ಯಾಸೆಟ್ ಕೊಟ್ಟರೆ 20,000 ಪೌಂಡ್‌ವರೆಗೆ ದಂಡ. ಕ್ಯಾಸೆಟ್ಟನ್ನು ಮನೆಯಲ್ಲಿ ನೋಡುತ್ತಾರೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕೆಂದೂ ಕಾಯ್ದೆ ಹೇಳಿತು. ಥಿಯೇಟರಿನ ಬಾಗಿಲಲ್ಲಿ ಮಕ್ಕಳನ್ನು ತಡೆಯಬಹುದು. ಮನೆಯಲ್ಲಿ ರಿಮೋಟ್ ಒತ್ತಿ ಅದೇ ದೃಶ್ಯವನ್ನು ಹತ್ತು ಸಲ ಹಿಂದಕ್ಕೆ ಓಡಿಸುವವರನ್ನು ತಡೆಯುವವರಾರು ಎಂಬ ಆತಂಕ.

ಇದರ ಪರಿಣಾಮ ಎರಡು ಸಿನಿಮಾಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ದಿ ಎಕ್ಸಾರ್ಸಿಸ್ಟ್’ 1974ರಲ್ಲಿ ಒಂದು ಕಟ್ಟೂ ಇಲ್ಲದೆ ವಯಸ್ಕರಿಗಷ್ಟೇ ಎಂಬ ‘ಎಕ್ಸ್’ ಸರ್ಟಿಫಿಕೇಟಿನೊಂದಿಗೆ ತೆರೆಕಂಡಿತು. 72ರ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆದರೂ ಹೊಸ ಕಾಯ್ದೆಯ ನಂತರ ಅದರ ವಿಡಿಯೋಗೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ‘ದಿ ಈವಿಲ್ ಡೆಡ್’ ಕಥೆ ತಿರುಗುಮುರುಗು. ಥಿಯೇಟರಿಗಾಗಿ 49 ಸೆಕೆಂಡು ಕತ್ತರಿಸಿಕೊಂಡು, ಅದೇ ಪ್ರತಿ ಕ್ಯಾಸೆಟ್ಟಾಗಿ ಬಂದರೂ ಪಟ್ಟಿಗೆ ಸೇರಿತು. 1985ರಲ್ಲಿ ಪಟ್ಟಿಯಿಂದ ಹೊರಬಿತ್ತು, 1990ರಲ್ಲಿ ಇನ್ನಷ್ಟು ಕಟ್‌ಗಳೊಂದಿಗೆ ವಿಡಿಯೋ ಸರ್ಟಿಫಿಕೇಟ್ ಪಡೆಯಿತು, ಪೂರ್ತಿ ಪ್ರತಿಗೆ 2001ರ ತನಕ ಕಾಯಿತು. ಇವೆರಡನ್ನೂ ‘ಬ್ಯಾನ್ ಆದವು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಓದುಗರಿಗೆ ಏನು ತಿಳಿದಂತಾಯಿತು?

ಆದ್ದರಿಂದ ಬರೆಯುವ ಮುನ್ನ ನಾಲ್ಕು ವಿಷಯ ನೋಡಿಕೊಳ್ಳಿ: ಯಾವ ವರ್ಷ, ಥಿಯೇಟರೋ ಕ್ಯಾಸೆಟ್ಟೋ, ತಡೆದವರು ಕೌನ್ಸಿಲ್ಲೋ ಬೋರ್ಡೋ ಕೋರ್ಟೋ, ಮತ್ತು ಯಾವ ಪ್ರತಿ. ಈ ಕೊನೆಯದರಲ್ಲಿ ಬಲ್ಲವರೂ ಎಡವುತ್ತಾರೆ. ಥಿಯೇಟರಿನಲ್ಲಿ ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡಿದರೆ, ಬ್ರಿಟನ್ನಿನ ಟಿವಿ ಪದ್ಧತಿಯಾದ ‘ಪಾಲ್’ (PAL) ಕ್ಯಾಸೆಟ್ಟಿನಲ್ಲಿ 25. ಹೀಗಾಗಿ 100 ನಿಮಿಷದ ಸಿನಿಮಾ ಕತ್ತರಿ ತಾಕದಿದ್ದರೂ 96 ನಿಮಿಷಕ್ಕೇ ಮುಗಿಯುತ್ತದೆ. ಆ ನಾಲ್ಕು ನಿಮಿಷವನ್ನು ಸೆನ್ಸಾರ್ ತಲೆಗೆ ಕಟ್ಟಬೇಡಿ.