ತೂಗೋದು ಮಾಲನ್ನ, ಅನುಭವಿಸೋದು ಹುಡುಗ

ಡ್ರಗ್ಸ್ ಕೇಸಲ್ಲಿ ಹುಡುಗ ಸಿಕ್ಕಿಬಿದ್ದ ಅಂದ್ರೆ ನಾವು ಮೊದ್ಲು ಕೇಳೋದು ಯಾರ ಮಗ, ಯಾವ ಕಾಲೇಜು ಅಂತ. ಕಾನೂನು ಮೊದ್ಲು ಕೇಳೋದು ಎಷ್ಟು ಗ್ರಾಂ ಅಂತ. ನಮ್ಮ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತುಗಳ ಕಾಯ್ದೆ, 1985ರದ್ದು, ಜಾರಿಗೆ ಬಂದಿದ್ದು ನವೆಂಬರ್ 14ಕ್ಕೆ, ಮಕ್ಕಳ ದಿನಾಚರಣೆ ದಿನಾನೇ, ಕಾಕತಾಳೀಯ ಬಿಡಿ. 2001ರ ತಿದ್ದುಪಡಿ ಆದ್ಮೇಲಂತೂ ಅಲ್ಲಿ ತೂಕದ್ದೇ ಕಾರುಬಾರು. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದ್ರೆ ವಾಣಿಜ್ಯ ಪ್ರಮಾಣ. ಸಣ್ಣದಕ್ಕೆ ಹೆಚ್ಚಂದ್ರೆ 1 ವರ್ಷ ಜೈಲು ಇಲ್ಲಾ 10,000 ರೂಪಾಯಿ ದಂಡ ಇಲ್ಲಾ ಎರಡೂ, ವಾಣಿಜ್ಯಕ್ಕೆ ಕಮ್ಮಿ ಅಂದ್ರೂ 10 ವರ್ಷ, ಬೇಲಂತೂ ಕೇಳ್ಲೇಬೇಡಿ.

ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸೋ ಡ್ರಗ್ ವಿಷ್ಯಕ್ಕೆ ಬಂದ್ರೆ ಈ ಲೆಕ್ಕ ವಿಚಿತ್ರ ಆಗ್ಬಿಡುತ್ತೆ. ಅದನ್ನ ಪುಟ್ಟ ಪುಟ್ಟ ಕಾಗದದ ಚೂರಿಗೆ ಹೀರಿಸಿ ಮಾರ್ತಾರೆ, ಒಂದು ಚೂರಲ್ಲಿ ಅಸಲಿ ಮಾಲು ಇರೋದು ಸುಮಾರು 100 ಮೈಕ್ರೋಗ್ರಾಂ. ಕಾನೂನಲ್ಲಿ 2 ಮಿಲಿಗ್ರಾಂವರೆಗೆ ಸಣ್ಣದು, 100 ಮಿಲಿಗ್ರಾಂ ದಾಟಿದ್ರೆ ವಾಣಿಜ್ಯ. 12 ಚೂರು ಇಟ್ಕೊಂಡವನ ಹತ್ರ ಇರೋ ಎಲ್‌ಎಸ್‌ಡಿ 1.2 ಮಿಲಿಗ್ರಾಂ, ಅಂದ್ರೆ ಸಣ್ಣ ಪ್ರಮಾಣದ ಒಳಗೇ ಬಂತು. ಆದ್ರೆ 2020ರಲ್ಲಿ ಹೀರಾ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಬೆರೆಸಿರೋದೆಲ್ಲ ಸೇರಿಸಿ ಪೂರ್ತಿ ತೂಕ ಹಿಡೀಬೇಕು ಅಂತು, ಎಲ್‌ಎಸ್‌ಡಿ ವಿಷ್ಯದಲ್ಲಿ ಕಾಗದವೂ ಆ ಲೆಕ್ಕಕ್ಕೇ ಅಂತ ಬಾಂಬೆ ಹೈಕೋರ್ಟೂ ಹೇಳ್ತು. ಚೂರು ತಲಾ 10 ಮಿಲಿಗ್ರಾಂ ತೂಗಿದ್ರೂ 12ಕ್ಕೆ 120 ಆಯ್ತಲ್ಲ, ಕಾಗದದ ದೆಸೆಯಿಂದ 10 ವರ್ಷ.

ಹುಡುಗನಿಗೆ 18 ತುಂಬಿಲ್ಲ ಅಂದ್ರೆ ದಾರಿನೇ ಬೇರೆ, 2015ರ ಬಾಲನ್ಯಾಯ ಕಾಯ್ದೆ ಬರುತ್ತೆ. ಲಾಕಪ್‌ಗೆ ಹಾಕೋ ಹಾಗಿಲ್ಲ, ಕೈಕೋಳ ತೊಡಿಸೋ ಹಾಗಿಲ್ಲ. ಬಾಲನ್ಯಾಯ ಮಂಡಳಿಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಸೇವಕರು ಕೂತಿರ್ತಾರೆ, ಬುದ್ಧಿ ಹೇಳಿ ಮನೆಗೆ ಕಳಿಸೋದ್ರಿಂದ ಹಿಡಿದು ಹೆಚ್ಚಂದ್ರೆ 3 ವರ್ಷ ವಿಶೇಷ ಗೃಹದವರೆಗೆ ಆದೇಶ ಮಾಡ್ಬೋದು. ಇಲ್ಲಿವರೆಗೂ ಸರಿ. ಆದ್ರೆ ಕನಿಷ್ಠ ಶಿಕ್ಷೆನೇ 7 ವರ್ಷ ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಅದು ಘೋರ ಅಪರಾಧ, ಹುಡುಗ 16 ದಾಟಿದ್ರೆ ಅವನನ್ನ ದೊಡ್ಡವರ ಥರ ವಿಚಾರಣೆ ಮಾಡ್ಬೇಕಾ ಅಂತ ಮಂಡಳಿ ಒಂದು ಮೌಲ್ಯಮಾಪನ ಮಾಡುತ್ತೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಅಲ್ವಾ, ಹಂಗಾಗಿ ಆ ಕಾಗದದ ತೂಕ ಇಲ್ಲಿಗೂ ಬಂದು ಕೂರುತ್ತೆ.

ಆ ಮೌಲ್ಯಮಾಪನದಲ್ಲಿ ನೋಡೋದ್ರಲ್ಲಿ ಒಂದು ಏನು ಅಂದ್ರೆ, ತಾನು ಮಾಡಿದ್ದರ ಪರಿಣಾಮ ಹುಡುಗನಿಗೆ ಗೊತ್ತಿತ್ತಾ ಅನ್ನೋದು. ನನ್ನ ತಕರಾರು ಇರೋದು ಇಲ್ಲೇ. ಲಾರೆನ್ಸ್ ಸ್ಟೈನ್‌ಬರ್ಗ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, ಅವರೂ ಮಾರ್ಗೋ ಗಾರ್ಡ್ನರ್ ಅನ್ನೋರೂ 2005ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು, ಕಂಪ್ಯೂಟರಲ್ಲಿ ಕಾರ್ ಓಡಿಸೋ ಗೇಮ್ ಕೊಟ್ಟು, ಹಳದಿ ಲೈಟ್ ಬಂದ್ಮೇಲೆ ಯಾರು ಎಷ್ಟು ದೂರ ನುಗ್ತಾರೆ ಅಂತ ನೋಡಿದ್ದು. ಫ್ರೆಂಡ್ಸ್ ಪಕ್ಕದಲ್ಲಿ ಕೂತು ನೋಡ್ತಿದ್ರೆ 13-16ರ ಹುಡುಗ್ರು ಒಬ್ಬರೇ ಇದ್ದಾಗಿಗಿಂತ ಸಿಕ್ಕಾಪಟ್ಟೆ ರಿಸ್ಕ್ ತಗೊಂಡ್ರು, 24 ದಾಟಿದವರಿಗೆ ಫ್ರೆಂಡ್ಸ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. ಆಮೇಲೆ 2019ರಲ್ಲಿ ಭಾರತವೂ ಸೇರಿ 11 ದೇಶಗಳ 10ರಿಂದ 30 ವಯಸ್ಸಿನ 5,000ಕ್ಕೂ ಜಾಸ್ತಿ ಜನರ ಮೇಲೆ ನಡೆದ ಅಧ್ಯಯನ ಬಂತು, ಅದ್ರಲ್ಲಿ ಲೆಕ್ಕಾಚಾರದ ಬುದ್ಧಿ 16ರ ಹೊತ್ತಿಗೇ ದೊಡ್ಡವರಷ್ಟು ಆಗಿರುತ್ತೆ, ತನ್ನನ್ನ ತಾನು ತಡ್ಕೊಳ್ಳೋ ಪಕ್ವತೆ ಮಾತ್ರ 18 ದಾಟಿದ ಮೇಲೂ ಬೆಳೀತಾನೇ ಇರುತ್ತೆ ಅಂತ ಕಂಡುಬಂತು. ಈಗ ಯೋಚ್ನೆ ಮಾಡಿ, ಫ್ಯಾನ್ ತಿರುಗ್ತಿರೋ ತಣ್ಣಗಿನ ರೂಮಲ್ಲಿ ಕೂರಿಸಿ ಗಾಂಜಾ ಮಾರಿದ್ರೆ ಏನಾಗುತ್ತೆ ಗೊತ್ತಾ ಅಂತ ಕೇಳಿದ್ರೆ 16ರ ಹುಡುಗ ಪಟಪಟ ಅಂತ ಸರಿ ಉತ್ತರ ಕೊಡ್ತಾನೆ. ಶನಿವಾರ ರಾತ್ರಿ ಪಿಜಿ ಟೆರೇಸ್ ಮೇಲೆ ನಾಲ್ಕು ಜನ ಫ್ರೆಂಡ್ಸ್ ಮಧ್ಯೆ ಇದ್ದ ಹುಡುಗ ಅವನೇ, ತಲೆ ಮಾತ್ರ ಆಗ ಬೇರೆ ಥರ ಓಡ್ತಿತ್ತು.

ಬಿಗಿ ಮಾಡಿದ್ರೆ ಸರಿಹೋಗ್ತಾರೆ ಅನ್ನೋರಿಗೆ ಇನ್ನೊಂದು ವಿಷ್ಯ. 2010ರಲ್ಲಿ ಆಂಥನಿ ಪೆಟ್ರೋಸಿನೋ ಅನ್ನೋ ಸಂಶೋಧಕರ ತಂಡ 29 ಪ್ರಯೋಗಗಳು, 7,304 ಹುಡುಗ ಹುಡುಗೀರು, ಎಲ್ಲ ಒಟ್ಟು ಹಾಕಿ ನೋಡಿದ್ರು. ಕೇಸು ಕೋರ್ಟು ಅಂತ ಅಲೆದಾಡಿಸಿದವರು ಆಮೇಲೆ ತಪ್ಪು ಮಾಡೋದು ಕಮ್ಮಿ ಆಗಿರ್ಲಿಲ್ಲ, ಸ್ವಲ್ಪ ಜಾಸ್ತಿನೇ ಆಗಿತ್ತು, ಎಚ್ಚರಿಕೆ ಕೊಟ್ಟು ಬಿಟ್ಟವರೇ ವಾಸಿ.

ನಮ್ಮ ಕಾಯ್ದೆಲೂ ಹಂಗೊಂದು ಬಾಗಿಲಿದೆ, ಸೆಕ್ಷನ್ 64ಎ. ಚಟಕ್ಕೆ ಬಿದ್ದವನು ಸೇವನೆ ಇಲ್ಲಾ ಸಣ್ಣ ಪ್ರಮಾಣದ ಕೇಸಲ್ಲಿದ್ದು, ತಾನಾಗೇ ಸರ್ಕಾರಿ ಇಲ್ಲಾ ಸರ್ಕಾರದ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಒಪ್ಕೊಂಡ್ರೆ ವಿಚಾರಣೆಯಿಂದ ವಿನಾಯಿತಿ, ಅರ್ಧಕ್ಕೆ ಬಿಟ್ಟು ಓಡಿದ್ರೆ ಅದೂ ರದ್ದು. ಮಗ ಸಿಕ್ಕಿಬಿದ್ದಾಗ ಇದನ್ನ ಕೇಳಿ ತಿಳ್ಕೊಳ್ಳೋ ಅಪ್ಪ ಅಮ್ಮ ಎಷ್ಟು ಜನ ಇರ್ಬೋದು?

ಇನ್ನು ಮೂಸಿ ನಶೆ ಏರಿಸ್ಕೊಳ್ಳೋ ಪಂಕ್ಚರ್ ಸಲ್ಯೂಷನ್, ವೈಟ್ನರ್ ಕಥೆ. ಏಮ್ಸ್ ತಂಡದ 2019ರ ವರದಿ ಪ್ರಕಾರ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರೋ ನಶೆ ಇದೊಂದೇ, ಸಹಾಯ ಬೇಕಾಗಿರೋ ಮಕ್ಕಳೇ ಸುಮಾರು 4.6 ಲಕ್ಷ. ಇದ್ರಲ್ಲಿರೋ ಟೊಲುಯೀನ್ ಅನ್ನೋ ರಾಸಾಯನಿಕ ವರ್ಷಗಟ್ಲೆ ಮೂಸಿದ್ರೆ ಮೆದುಳಿನ ನರತಂತುಗಳ ಮೇಲಿನ ಹೊದಿಕೆ ಹಾಳಾಗುತ್ತೆ, ಆ ವಯಸ್ಸಲ್ಲಿ ಇನ್ನೂ ಕೂಡ್ಕೊಳ್ತಾ ಇರೋದೂ ಅದೇ ಹೊದಿಕೆ. ಆದ್ರೆ ಸಲ್ಯೂಷನ್ನು ಎನ್‌ಡಿಪಿಎಸ್ ಪಟ್ಟಿಲಿ ಇಲ್ಲ, ಹಂಗಾಗಿ ಫ್ಲೈಓವರ್ ಕೆಳಗೆ ಬಟ್ಟೆಗೆ ಹಾಕ್ಕೊಂಡು ಮೂಸ್ತಿರೋ ಹುಡುಗನಿಗೆ ಗ್ರಾಂ ಲೆಕ್ಕವೂ ಇಲ್ಲ, 64ಎ ಕೂಡ ಇಲ್ಲ. ಅವನ ಪಾಲಿಗೆ ಇರೋದು ಮಕ್ಕಳ ಕಲ್ಯಾಣ ಸಮಿತಿ, ಅದೂ ಯಾರಾದ್ರೂ ಅಲ್ಲಿಗೆ ಕರ್ಕೊಂಡು ಹೋದ್ರೆ.